ಸಿ60+ ಮತ್ತು ಸಿ60− ಡಿಕ್ಕಿ: ಎಲೆಕ್ಟ್ರಾನು ದಾಟುವ ದೂರ ಚೆಂಡಿನ ಹೊಟ್ಟೆಯೊಳಗೇ ಬರ್ತಿದೆ, ಎಲ್ಲಿ ಎಡವಿದ್ದೇನೆ?

ಕೊನೆಬೆಂಚು:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಲೆಕ್ಕದ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೇನೆ. ದಯವಿಟ್ಟು ಯಾರಾದರೂ ಹಗ್ಗ ಬಿಚ್ಚಿ.

ಎಂಎಸ್ಸಿ ಭೌತಶಾಸ್ತ್ರ, ಕೊನೆಯ ವರ್ಷ. ದೊಡ್ಡ ಇಂಗಾಲದ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಚಾರ್ಜ್ ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತೆ ಅನ್ನೋದು ಸೆಮಿನಾರಿಗೆ ನಾನೇ ಆರಿಸಿಕೊಂಡ ವಿಷಯ. ನಿಜ ಹೇಳಬೇಕಂದ್ರೆ ಫುಲರೀನಿನ ಚಿತ್ರಗಳು ಚಂದ ಇರ್ತವೆ, ಅರ್ಧ ಸ್ಲೈಡು ಅವೇ ತುಂಬಿಸ್ತವೆ ಅನ್ನೋ ಸೋಮಾರಿತನದಿಂದ ಆರಿಸಿದ್ದು. ಸಿ60 ಅನ್ನೋ ಫುಲರೀನು ಅಂದ್ರೆ 12 ಪಂಚಭುಜ, 20 ಷಡ್ಭುಜ, 60 ಇಂಗಾಲ, ಥೇಟ್ ಫುಟ್‌ಬಾಲು. 1985ರಲ್ಲಿ ಕ್ರೋಟೋ, ಕರ್ಲ್, ಸ್ಮಾಲಿ ಕಂಡುಹಿಡಿದರು, 1996ರಲ್ಲಿ ನೊಬೆಲ್ ಬಂತು. ಇಲ್ಲಿವರೆಗೆ ಸಲೀಸು.

ಈಗ ಲೆಕ್ಕ. ಒಂದು ಸಿ60+ ಅಯಾನು, ಒಂದು ಸಿ60− ಅಯಾನು. ವಿರುದ್ಧ ಚಾರ್ಜು, ಒಂದನ್ನೊಂದು ಎಳೀತವೆ. ಹತ್ತಿರ ಬಂದಾಗ ಮೈನಸ್ಸಿನ ಹೆಚ್ಚುವರಿ ಎಲೆಕ್ಟ್ರಾನು ಪ್ಲಸ್ಸಿಗೆ ಹಾರುತ್ತೆ, ಎರಡೂ ತಟಸ್ಥ ಆಗ್ತವೆ. ಪ್ಲಸ್ಸಿಗೆ ಎಲೆಕ್ಟ್ರಾನು ಸಿಕ್ಕಿದರೆ ಅಯಾನೀಕರಣ ಶಕ್ತಿಯಷ್ಟು, ಅಂದ್ರೆ 7.6 ಇವಿ (ಎಲೆಕ್ಟ್ರಾನ್ ವೋಲ್ಟ್) ಲಾಭ. ಮೈನಸ್ಸಿನಿಂದ ಕಿತ್ತುಕೊಳ್ಳೋಕೆ ಎಲೆಕ್ಟ್ರಾನ್ ಅಫಿನಿಟಿಯಷ್ಟು, 2.68 ಇವಿ ಖರ್ಚು. ಉಳಿದದ್ದು ಸುಮಾರು 4.9 ಇವಿ. ಇನ್ನೊಂದು ಕಡೆ, ಎರಡು ಅಯಾನುಗಳ ನಡುವಿನ ಕೂಲಂ ಸೆಳೆತದ ಶಕ್ತಿ 14.4 ಭಾಗ ದೂರ (ದೂರ ಆಂಗ್‌ಸ್ಟ್ರಾಮಿನಲ್ಲಿ, ಉತ್ತರ ಇವಿಯಲ್ಲಿ; ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಅಯಾನು ಜೋಡಿಯ ಶಕ್ತಿರೇಖೆಯೂ ತಟಸ್ಥ ಜೋಡಿಯ ಶಕ್ತಿರೇಖೆಯೂ ಎಲ್ಲಿ ಒಂದನ್ನೊಂದು ಕತ್ತರಿಸುತ್ತವೋ ಅಲ್ಲೇ ಎಲೆಕ್ಟ್ರಾನು ದಾಟೋದು. 14.4 ಭಾಗ 4.9 ಅಂದ್ರೆ 2.9 ಆಂಗ್‌ಸ್ಟ್ರಾಮ್.

ಇಲ್ಲೇ ನಾನು ಬಿದ್ದದ್ದು. ಸಿ60ರ ತ್ರಿಜ್ಯವೇ 3.55 ಆಂಗ್‌ಸ್ಟ್ರಾಮ್! ಎರಡು ಚೆಂಡುಗಳ ಕೇಂದ್ರಗಳು 2.9ರಷ್ಟು ಹತ್ತಿರ ಬರಬೇಕು ಅಂದ್ರೆ ಒಂದು ಇನ್ನೊಂದರ ಹೊಟ್ಟೆಯೊಳಗೆ ಹೊಕ್ಕು ಕೂರಬೇಕು. ಆದರೂ ಈ ಕ್ರಿಯೆ ನಡೆಯುತ್ತೆ, ಪ್ರಯೋಗ ಮಾಡಿ ನೋಡಿದ್ದಾರೆ. ಗೈಡ್ ನನ್ನ ಹಾಳೆ ನೋಡಿ 2.9ರ ಸುತ್ತ ಕೆಂಪು ಶಾಯಿಯಲ್ಲಿ ಒಂದು ವೃತ್ತ ಹಾಕಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು ವಾಪಸ್ ಕೊಟ್ಟರು. ಬಾಯಲ್ಲಿ ಒಂದು ಮಾತಿಲ್ಲ.

ಇನ್ನೊಂದು ಉಪಪ್ರಶ್ನೆ. ಸಿ60+ ಒಂದು ತಟಸ್ಥ ಸಿ60ಗೆ ಬಡಿದರೆ ಮುಂಚೆಯೂ ನಂತರವೂ ಅದೇ ಸರಕು, ಶಕ್ತಿ ವ್ಯತ್ಯಾಸ ಸೊನ್ನೆ. ಅಲ್ಲಿ ರೇಖೆಗಳು ಒಂದರ ಮೇಲೊಂದು ಮಲಗಿಬಿಟ್ಟಿವೆ, ಕತ್ತರಿಸೋ ಜಾಗವೇ ಇಲ್ಲ. ಹಾಗಾದ್ರೆ ಅಲ್ಲಿ ಎಲೆಕ್ಟ್ರಾನು ಎಲ್ಲಿ ದಾಟುತ್ತೆ?

ಅಲೆಮಾರಿ_ಅಣು:

ಇದರಲ್ಲೇನಿದೆ ಗುರು, ಸಿ60 ಟೊಳ್ಳು ಚೆಂಡು. ಜೋರಾಗಿ ಬಡಿದಾಗ ಎರಡೂ ಚಪ್ಪಟೆ ಆಗ್ತವೆ, ಕೇಂದ್ರಗಳು ಹತ್ತಿರ ಬರ್ತವೆ. 2.9 ಆರಾಮಾಗಿ ಸಿಗುತ್ತೆ. ಸ್ಲೈಡಲ್ಲಿ ಎರಡು ಅಪ್ಪಚ್ಚಿ ಚೆಂಡು ಹಾಕು, ಮುಗೀತು.

ಕುಲುಮೆ:

ಅಲೆಮಾರಿ ಅವರೇ, ಆ ಅಪ್ಪಚ್ಚಿ ಚೆಂಡು ಹಾಕಿಸಬೇಡಿ, ಪಾಪ ಹುಡುಗ ಸೆಮಿನಾರಿನಲ್ಲೇ ಅಪ್ಪಚ್ಚಿಯಾಗುತ್ತಾನೆ. ಸಿ60 ಹಾಗೆಲ್ಲ ಬಗ್ಗುವ ಪ್ರಾಣಿಯಲ್ಲ. 1990ರ ದಶಕದಲ್ಲಿ ಸಿ60+ ಅಯಾನನ್ನು ಸಿ60 ಆವಿಗೆ ಬಡಿಸಿ ಎರಡು ಪಂಜರಗಳನ್ನು ಬೆಸೆಯಲು ನೋಡಿದವರಿಗೆ ಡಿಕ್ಕಿಯ ಶಕ್ತಿ ಸುಮಾರು 60 ಇವಿ ದಾಟಬೇಕಾಯಿತು. ಕೊನೆಬೆಂಚು ಕೇಳುತ್ತಿರುವ ಪ್ರಯೋಗದಲ್ಲಿ ಡಿಕ್ಕಿಯ ಶಕ್ತಿ 0.1 ಇವಿ. ಪರಸ್ಪರ ಸೆಳೆತದಿಂದ ಇನ್ನೊಂದೂವರೆ ಇವಿ ಗಳಿಸಿದರೂ ಅದು ಪಂಜರ ಜಜ್ಜುವ ಬಲವಲ್ಲ, ಬರೀ ಮೈ ತಾಗಿಸುವಷ್ಟು.

ಈಗ ಕೊನೆಬೆಂಚು ಅವರಿಗೆ. ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಲೆಕ್ಕ ಶುರುವಾಗುವ ಮುಂಚೆ ನೀವು ಹೇಳದೆಯೇ ಒಪ್ಪಿಕೊಂಡ ಒಂದು ಮಾತಿದೆಯಲ್ಲ, ಅದು ತಪ್ಪು. ದಾಟಿದ ಎಲೆಕ್ಟ್ರಾನು ಸೀದಾ ನೆಲಮಹಡಿಗೇ ಇಳಿಯುತ್ತದೆ ಅಂತ ನಿಮಗೆ ಯಾರು ಹೇಳಿದರು?

4.9 ಇವಿ ಪೂರ್ತಿ ಹೊರಬರುವುದು ಎರಡೂ ಸಿ60ಗಳು ತಳಸ್ಥಿತಿಯಲ್ಲಿ ತಟಸ್ಥವಾದರೆ ಮಾತ್ರ. ಸಿ60+ ಒಳಗೆ ಖಾಲಿ ಇರುವುದು ಕೆಳಗಿನ ಆ ಒಂದು ರಂಧ್ರ ಮಾತ್ರ ಅಲ್ಲ. ಅದರ ಮೇಲೆ ಇಡೀ ಮಹಡಿಗಳೇ ಖಾಲಿ ಬಿದ್ದಿವೆ. ಎಲೆಕ್ಟ್ರಾನು ಮೇಲಿನ ಒಂದು ಮಹಡಿಗೆ ಬಂದು ಕೂತರೆ ಅಣುವಿನಲ್ಲಿ ಚಾರ್ಜ್ ಇರುವುದಿಲ್ಲ, ಆದರೆ ಅದು ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ. ಆಗ ಹೊರಬರುವ ಶಕ್ತಿ 4.9ರಲ್ಲಿ ಆ ಉದ್ರೇಕದ ಶಕ್ತಿಯನ್ನು ಕಳೆದಷ್ಟು. ಛೇದ ಚಿಕ್ಕದಾಯಿತು, ಆದ್ದರಿಂದ ದೂರ ದೊಡ್ಡದಾಯಿತು.

ನೀವೇ ಹಾಕಿ ನೋಡಿ. ಉದ್ರೇಕ 1.9 ಇವಿ ಆದರೆ 14.4 ಭಾಗ 3.0, ಅಂದರೆ 4.8 ಆಂಗ್‌ಸ್ಟ್ರಾಮ್. ಇನ್ನೂ ಹೊಟ್ಟೆಯೊಳಗೇ. 3.0 ಆದರೆ 7.6. ಇನ್ನೂ ಸಾಲದು, ಏಕೆಂದರೆ ಎರಡು ಸಿ60ಗಳು ಮೈಗೆ ಮೈ ತಾಗಿ ಕೂತಾಗ ಕೇಂದ್ರಗಳ ನಡುವೆ ಸುಮಾರು 10 ಆಂಗ್‌ಸ್ಟ್ರಾಮ್ ಇರುತ್ತದೆ. ಇದು ಸಿ60 ಹರಳಿನಲ್ಲಿ ಅಕ್ಕಪಕ್ಕದ ಅಣುಗಳ ನಡುವೆ ಅಳೆದ ದೂರ. ತ್ರಿಜ್ಯ 3.55 ಅಂದದ್ದು ಇಂಗಾಲದ ನ್ಯೂಕ್ಲಿಯಸ್ಸುಗಳ ಚೌಕಟ್ಟಿಗೆ. ಅದರ ಹೊರಗೆ ಎಲೆಕ್ಟ್ರಾನಿನ ಮೋಡದ ದಪ್ಪ ಬೇರೆ ಇದೆ, ಅದನ್ನು ಮರೆಯಬೇಡಿ. ಉದ್ರೇಕ 3.5 ಆದರೆ 10.3. ಈಗ ಬಾಗಿಲು ಸಿಕ್ಕಿತು! 3.8 ಆದರೆ 13.1. 4.5 ಆದರೆ 36, ಅದು ಅತಿಯಾಯಿತು. ಅಷ್ಟು ದೂರ ಎಲೆಕ್ಟ್ರಾನಿನ ಕೈ ಚಾಚುವುದಿಲ್ಲ.

ಅಂದರೆ ತಳಸ್ಥಿತಿಯ ಬಾಗಿಲು ಚೆಂಡಿನೊಳಗೆ ಹೂತುಹೋಗಿದೆ, ತೀರಾ ಮೇಲಿನ ಬಾಗಿಲುಗಳು ತಲುಪದಷ್ಟು ದೂರದಲ್ಲಿವೆ. ನಡುವೆ ಉಳಿಯುವುದು ಒಂದು ಕಿರಿದಾದ ಕಿಂಡಿ. ಎಲೆಕ್ಟ್ರಾನು ಅದರಲ್ಲೇ ನುಗ್ಗಬೇಕು. ನಿಮ್ಮ ಗೈಡ್ ವೃತ್ತ ಹಾಕಿ ಸುಮ್ಮನಾದದ್ದು ಇದನ್ನು ನೀವೇ ಕಾಣಲಿ ಅಂತಲೇ ಇರಬೇಕು. ನಾನು ಹೇಳಿಬಿಟ್ಟೆ, ಅವರಿಗೆ ಹೇಳಬೇಡಿ.

ಉಪಪ್ರಶ್ನೆಗೆ ಆಮೇಲೆ ಬರುತ್ತೇನೆ, ಪಂಪ್ ಸದ್ದು ಮಾಡುತ್ತಿದೆ.

ಮೌನಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸಿ60ಗೆ 174 ಕಂಪನ ವಿಧಾನಗಳಿವೆ (60ನ್ನು 3ರಿಂದ ಗುಣಿಸಿ 6 ಕಳೆದರೆ). ಉಳಿದ ಶಕ್ತಿಯನ್ನು ಆ ಕಂಪನಗಳೇ ನುಂಗಿಬಿಡಬಹುದಲ್ಲ? ಆಗ ಎಲೆಕ್ಟ್ರಾನು ನೆಲಮಹಡಿಗೇ ಇಳಿಯಬಹುದು, 3.5 ಇವಿ ಎಲ್ಲ ನಡುಕವಾಗಿ ಹಂಚಿಹೋಗುತ್ತದೆ. ಮೇಲಿನ ಮಹಡಿ ಯಾಕೆ ಬೇಕು?

ದಾಟುರೇಖೆ:

ಮೌನಿ, ಒಳ್ಳೆ ಪ್ರಶ್ನೆ. ನಾನು ಕಾಗದ ಪೆನ್ಸಿಲ್ ಬಳಗದವನು, ಅದರ ಉತ್ತರ ನನ್ನ ಪಾಲಿಗಿರಲಿ.

ಕಂಪನ ಶಕ್ತಿ ನುಂಗಬೇಕಾದರೆ ಎಲೆಕ್ಟ್ರಾನು ಹಾರಿದ ಕ್ಷಣದಲ್ಲಿ ಪಂಜರಕ್ಕೆ ತನ್ನ ಹೊಸ ಆಕಾರ ಬೇರೆ ಅನ್ನಿಸಬೇಕು. ಚಿಕ್ಕ ಅಣುವಿನಲ್ಲಿ ಒಂದು ಎಲೆಕ್ಟ್ರಾನು ಹೋದರೆ ಬಂಧಗಳ ಉದ್ದವೇ ಬದಲಾಗುತ್ತೆ, ಅಣು ಒದೆ ತಿಂದ ಹಾಗೆ ನಡುಗುತ್ತೆ. ಸಿ60ಯಲ್ಲಿ 240 ವೇಲೆನ್ಸ್ ಎಲೆಕ್ಟ್ರಾನುಗಳಿವೆ. ಅದರಲ್ಲಿ ಒಂದು ಬಂತು ಅಥವಾ ಹೋಯಿತು ಅಂದರೆ 90 ಬಂಧಗಳಲ್ಲಿ ಹಂಚಿಕೊಂಡು ಯಾವ ಬಂಧಕ್ಕೂ ಗೊತ್ತೇ ಆಗದಷ್ಟು ಬದಲಾವಣೆ. ಆಕಾರ ಬದಲಾಗದಿದ್ದರೆ ಕಂಪನಕ್ಕೆ ಒದೆ ಇಲ್ಲ. ಒಂದೆರಡು ಕ್ವಾಂಟಮ್ ಹೋಗಬಹುದು, ಒಂದೊಂದೂ ಹೆಚ್ಚೆಂದರೆ 0.2 ಇವಿ. ಒಂದೇ ಏಟಿಗೆ 3.5 ಇವಿ ಹೋಗುವ ಸಂಭವ ನಗಣ್ಯ. ಆಮೇಲೆ, ಅಣುಗಳು ಬೇರೆಯಾದ ಮೇಲೆ, ಉದ್ರೇಕದ ಶಕ್ತಿ ನಿಧಾನವಾಗಿ ಕಂಪನಕ್ಕೆ ಇಳಿಯುತ್ತೆ. ಅದು ಬೇರೆ ಕಥೆ. ಅಷ್ಟು ಶಕ್ತಿಗೂ ಪಂಜರ ಒಡೆಯಲ್ಲ, ಇಂಗಾಲದ ಒಂದು ಜೋಡಿ ಕಿತ್ತುಬರಬೇಕಾದರೆ ಸುಮಾರು 11 ಇವಿ ಬೇಕು.

ಈಗ ಕುಲುಮೆ ಮೇಡಂ ಹೇಳಿದ "ಕೈ ಚಾಚುವುದಿಲ್ಲ" ಅನ್ನೋದಕ್ಕೆ ಅಂಕಿ ಹಾಕೋಣ. ನನಗೆ ಅಂಕಿ ಇಲ್ಲದೆ ನಿದ್ದೆ ಬರಲ್ಲ.

ರೇಖೆ ಕತ್ತರಿಸುವ ಜಾಗದಲ್ಲಿ ಎಲೆಕ್ಟ್ರಾನು ದಾಟುತ್ತದೋ ಇಲ್ಲವೋ ಅನ್ನೋದಕ್ಕೆ 1932ರ ಲ್ಯಾಂಡೌ-ಝೀನರ್ ಸೂತ್ರ ಇದೆ. ಅದರಲ್ಲಿ ಮೂರು ಸಂಗತಿ: ಎರಡು ಸ್ಥಿತಿಗಳ ನಡುವಿನ ಬೆಸುಗೆ (ಅವು ಒಂದಕ್ಕೊಂದು ಎಷ್ಟು ಬಲವಾಗಿ ಹೆಣೆದುಕೊಂಡಿವೆ ಅನ್ನೋದರ ಅಳತೆ), ಅಣುಗಳ ವೇಗ, ರೇಖೆಗಳ ಇಳಿಜಾರಿನ ವ್ಯತ್ಯಾಸ. 12 ಆಂಗ್‌ಸ್ಟ್ರಾಮ್ ದೂರದಲ್ಲಿ ಅಯಾನುಗಳು ಸೆಳೆತದಿಂದ 1.2 ಇವಿ ಗಳಿಸಿವೆ, ಮೊದಲಿನ 0.1 ಸೇರಿಸಿ 1.3. ಪ್ರತಿಯೊಂದರ ರಾಶಿ 720, ಸಮಾನೀತ ರಾಶಿ 360. ಸಾಪೇಕ್ಷ ವೇಗ ಸೆಕೆಂಡಿಗೆ ಸುಮಾರು 835 ಮೀಟರ್ ಬರುತ್ತೆ. ಅಣುಲೋಕದಲ್ಲಿ ಇದು ಬಸವನಹುಳುವಿನ ನಡಿಗೆ. ಒಂದು ಆಂಗ್‌ಸ್ಟ್ರಾಮ್ ದಾಟೋಕೆ 120 ಫೆಮ್ಟೊಸೆಕೆಂಡ್, ಅಷ್ಟರಲ್ಲಿ ಸಿ60 ತನ್ನ ಅತಿ ನಿಧಾನದ ಕಂಪನವನ್ನೂ ಒಂದು ಸುತ್ತು ಮುಗಿಸಿರುತ್ತೆ. ಇಷ್ಟು ನಿಧಾನ ಇರುವುದರಿಂದ ಬೆಸುಗೆ ಬಲವಾಗಿ ಇರಬೇಕಾಗಿಯೂ ಇಲ್ಲ: ದಾಟುವ ಸಂಭವ ಅರ್ಧಕ್ಕೆ ಬರಲು 8 ಮಿಲಿ ಇವಿ ಸಾಕು.

20 ಆಂಗ್‌ಸ್ಟ್ರಾಮಿನಲ್ಲಿ ಇದೇ ಲೆಕ್ಕ ಮಾಡಿದರೆ ಬೇಕಾದ ಬೆಸುಗೆ 4 ಮಿಲಿ ಇವಿ. ಅಂದರೆ ಬೇಡಿಕೆ ಅರ್ಧಕ್ಕೆ ಇಳಿಯಿತು. ಪೂರೈಕೆ ನೋಡಿ. ಮೈನಸ್ ಅಯಾನಿನ ಹೆಚ್ಚುವರಿ ಎಲೆಕ್ಟ್ರಾನಿಗೆ ಹಿಡಿತ 2.68 ಇವಿ. ಅದರ ಅಲೆಯ ಬಾಲ ಹೊರಗೆ ಘಾತೀಯವಾಗಿ ಕರಗುತ್ತೆ. ಕರಗುವ ದರ ಪ್ರತಿ ಆಂಗ್‌ಸ್ಟ್ರಾಮಿಗೆ 0.512 ಗುಣಿಸು ಹಿಡಿತದ ವರ್ಗಮೂಲ, ಅಂದರೆ 0.84. 12ರಿಂದ 20ಕ್ಕೆ ಹೋಗುವಷ್ಟರಲ್ಲಿ ಬೆಸುಗೆ ಸುಮಾರು 800 ಪಟ್ಟು ಕುಸಿಯುತ್ತೆ. ಬೇಡಿಕೆ ಅರ್ಧ, ಪೂರೈಕೆ ಎಂಟುನೂರರಲ್ಲಿ ಒಂದು. ಆ ಕಡೆಯ ಬಾಗಿಲುಗಳೆಲ್ಲ ಬಂದ್.

ಕೊನೆಬೆಂಚು:

ಕುಲುಮೆ ಮೇಡಂ, ದಾಟುರೇಖೆ ಸರ್, ಕಾಲಿಗೆ ಬಿದ್ದೆ ಅಂತ ತಿಳ್ಕೊಳ್ಳಿ. ರಾತ್ರಿ ಕೂತು ಇಡೀ ಗ್ರಾಫ್ ಮತ್ತೆ ಬರೆದೆ. ಮುಂಚೆ ಒಂದು ಬಾಗಿದ ರೇಖೆ, ಒಂದು ಅಡ್ಡರೇಖೆ ಇತ್ತು. ಈಗ ಒಂದು ಬಾಗಿದ ರೇಖೆ, ಅದರ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡರೇಖೆಗಳು. 10 ಆಂಗ್‌ಸ್ಟ್ರಾಮಿಗೆ ಒಂದು ಲಂಬಗೆರೆ ಎಳೆದು ಎಡಕ್ಕೆ ಬೂದು ಬಣ್ಣ ಬಳಿದೆ, "ಪ್ರವೇಶವಿಲ್ಲ" ಅಂತ. ಬೂದು ಬಣ್ಣದೊಳಗೆ ನನ್ನ ಹಳೆಯ 2.9 ಒಂದು ಕೆಂಪು ಚುಕ್ಕೆಯಾಗಿ ಕೂತಿದೆ. ಅಳಿಸೋಕೆ ಮನಸ್ಸು ಬರಲಿಲ್ಲ.

ಒಂದು ಖುಷಿಯ ಸಂಗತಿ ಕಂಡಿತು. ಸಿ60 ದ್ರಾವಣದ ನೇರಳಾತೀತ ವರ್ಣಪಟಲದಲ್ಲಿ 328 ನ್ಯಾನೋಮೀಟರ್ ಹತ್ತಿರ ಒಂದು ದೊಡ್ಡ ಹೀರಿಕೆ ಇದೆ. ಅದನ್ನು ಶಕ್ತಿಗೆ ತಿರುಗಿಸಿದರೆ 3.8 ಇವಿ! ನಮ್ಮ ಕಿಂಡಿಯೊಳಗೇ ಬೀಳುತ್ತೆ. ಹಾಗಾದ್ರೆ ಎಲೆಕ್ಟ್ರಾನು ಹೋಗಿ ಕೂರೋದು ಅದೇ ಸ್ಥಿತಿಯಲ್ಲಿ ಅಂತ ಬರೆದುಬಿಡಲೇ?

ಮತ್ತೆ, ಈ ಕಿಂಡಿಯ ಕಥೆಯನ್ನು ಪ್ರಯೋಗದಲ್ಲಿ ನೋಡೋದು ಹೇಗೆ? ತಟಸ್ಥ ಅಣು ಅಂದ್ರೆ ಚಾರ್ಜಿಲ್ಲ, ವೋಲ್ಟೇಜಿಗೆ ಬಗ್ಗಲ್ಲ, ಹಿಡಿಯೋದು ಹೇಗೆ?

ಕುಲುಮೆ:

328 ಬರೆಯಬೇಡಿ! ಆಸೆ ಅರ್ಥವಾಗುತ್ತದೆ, ಆದರೆ ಬೆಳಕಿನ ನಿಯಮ ಬೇರೆ, ಡಿಕ್ಕಿಯ ನಿಯಮ ಬೇರೆ. ಸಿ60ರ ಸಮ್ಮಿತಿ ಎಷ್ಟು ಹೆಚ್ಚೆಂದರೆ ಅದರ ಉದ್ರಿಕ್ತ ಸ್ಥಿತಿಗಳಲ್ಲಿ ಬಹುಪಾಲು ಬೆಳಕಿಗೆ ನಿಷಿದ್ಧ. ವರ್ಣಪಟಲದಲ್ಲಿ ದೊಡ್ಡದಾಗಿ ಕಾಣುವುದು ಅನುಮತಿ ಸಿಕ್ಕ ಬೆರಳೆಣಿಕೆಯವು. ಪಕ್ಕದ ಅಯಾನಿನಿಂದ ಹಾರಿ ಬರುವ ಎಲೆಕ್ಟ್ರಾನು ಬೆಳಕಿನ ಅನುಮತಿ ಕೇಳುವುದಿಲ್ಲ. ಆ ಶಕ್ತಿಯ ಆಸುಪಾಸಿನಲ್ಲಿ ಸ್ಥಿತಿಗಳು ಒತ್ತೊತ್ತಾಗಿವೆ, ಅವುಗಳಲ್ಲಿ ಯಾವುದಕ್ಕೆ ಎಷ್ಟು ಅನ್ನುವುದನ್ನು ಪ್ರತಿ ಸ್ಥಿತಿಗೂ ಬೆಸುಗೆ ಲೆಕ್ಕ ಹಾಕಿಯೇ ಹೇಳಬೇಕು. ಸ್ಲೈಡಿನಲ್ಲಿ "ಮೂರೂವರೆ ಇವಿ ಆಸುಪಾಸಿನಿಂದ ನಾಲ್ಕರ ಕೆಳಗಿನವರೆಗಿನ ಸ್ಥಿತಿಗಳ ಗುಂಪು" ಅಂದರೆ ಯಾರೂ ನಿಮ್ಮ ಕುತ್ತಿಗೆ ಹಿಡಿಯುವುದಿಲ್ಲ.

ಹಿಡಿಯುವುದು ಹೇಗೆ? ತಟಸ್ಥವಾದದ್ದೇ ಅನುಕೂಲ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದಲ್ಲಿ ಡೆಸಿರೀ ಅಂತ ಒಂದು ಯಂತ್ರವಿದೆ. ಎರಡು ಅಯಾನು ಬಳೆಗಳು, ಒಂದರಲ್ಲಿ ಪ್ಲಸ್ ಸುತ್ತುತ್ತದೆ, ಇನ್ನೊಂದರಲ್ಲಿ ಮೈನಸ್. ಎರಡಕ್ಕೂ ಒಂದು ನೇರ ಓಣಿ ಸಾಮಾನ್ಯ, ಅಲ್ಲಿ ಎರಡು ಕಿರಣಗಳೂ ಒಂದೇ ದಿಕ್ಕಿಗೆ ಒಂದರೊಳಗೊಂದು ಬೆರೆತು ಓಡುತ್ತವೆ. ಪ್ರತಿ ಕಿರಣದ ಶಕ್ತಿ ಸಾವಿರಾರು ಇವಿ ಇದ್ದರೂ ಅಕ್ಕಪಕ್ಕ ಸಮವೇಗದಲ್ಲಿ ಓಡುವ ಎರಡು ಗಾಡಿಗಳ ನಡುವೆ ಸಾಮಾನು ಕೈಬದಲಾಯಿಸಿದ ಹಾಗೆ, ಅವುಗಳ ನಡುವಿನ ಸಾಪೇಕ್ಷ ಶಕ್ತಿ ಮಾತ್ರ 0.1 ಇವಿ ಮಟ್ಟದ್ದು. ಇಡೀ ಯಂತ್ರ ಸುಮಾರು 13 ಕೆಲ್ವಿನ್ ಚಳಿಯಲ್ಲಿ ಕೂತಿದೆ. ಓಣಿಯ ಕೊನೆಯಲ್ಲಿ ಅಯಾನುಗಳು ವೋಲ್ಟೇಜಿಗೆ ಬಗ್ಗಿ ತಮ್ಮ ಬಳೆಗೆ ತಿರುಗಿಕೊಳ್ಳುತ್ತವೆ. ತಟಸ್ಥವಾದವು ಯಾರ ಮಾತೂ ಕೇಳದೆ ನೇರ ಹೋಗಿ ಡಿಟೆಕ್ಟರಿಗೆ ಬಡಿಯುತ್ತವೆ, ಜೋಡಿಯಾಗಿ.

ಆ ಜೋಡಿಯ ನಡುವಿನ ಅಂತರದಲ್ಲಿ ಗುಟ್ಟೆಲ್ಲ ಇದೆ. 10,000 ಇವಿ ಕಿರಣ ಅಂತ ಇಟ್ಟುಕೊಳ್ಳಿ, ವೇಗ ಸೆಕೆಂಡಿಗೆ ಸುಮಾರು 52 ಕಿ.ಮೀ. ಬಿಡುಗಡೆಯಾದ ಶಕ್ತಿ 1.2 ಇವಿ ಆದರೆ ಎರಡು ಅಣುಗಳೂ ಒಂದೊಂದು ಕಡೆಗೆ ಸೆಕೆಂಡಿಗೆ 400 ಮೀಟರ್ ಸರಿಯುತ್ತವೆ. 1 ಮೀಟರ್ ಹಾರುವಷ್ಟರಲ್ಲಿ ಅಡ್ಡಡ್ಡ ಹೊರಟ ಜೋಡಿಯ ನಡುವೆ 15 ಮಿ.ಮೀ. ಆಗಿರುತ್ತದೆ. ನಿಮ್ಮ ಮೊದಲ ಲೆಕ್ಕದ ಹಾಗೆ 4.9 ಪೂರ್ತಿ ಬಂದಿದ್ದರೆ 31 ಮಿ.ಮೀ. ಸ್ಕೇಲ್ ಇಟ್ಟು ಅಳೆಯಬಹುದಾದ ವ್ಯತ್ಯಾಸ! ಸಿ60+, ಸಿ60− ಜೋಡಿಯ ಮೇಲೆ ಅಲ್ಲಿ ನಡೆದ ಪ್ರಯೋಗದಲ್ಲಿ ಚಲನಶಕ್ತಿ ಒಂದು ಕಿರಿದಾದ ಪಟ್ಟಿಯಲ್ಲೇ ಸಿಕ್ಕಿತು. ಅಣುಗಳ ಗಾತ್ರ, ಪರಸ್ಪರ ಧ್ರುವೀಕರಣ (ಒಂದರ ಚಾರ್ಜು ಇನ್ನೊಂದರ ಎಲೆಕ್ಟ್ರಾನ್ ಮೋಡವನ್ನು ಸರಿಸುವುದು), ಕೊನೆಯ ಕ್ವಾಂಟಮ್ ಸ್ಥಿತಿ ಈ ಮೂರನ್ನೂ ಲೆಕ್ಕಕ್ಕೆ ಹಿಡಿಯದೆ ಈ ಕ್ರಿಯೆಯ ದರ ನಂಬುವ ಹಾಗಿಲ್ಲ ಅನ್ನುವುದು ಅವರ ತೀರ್ಮಾನ. ನೀವು ಬಿಟ್ಟದ್ದೂ ಅವನ್ನೇ.

ಚಳಿ ಯಾಕೆ ಬೇಕು ಅಂತ ಕೇಳುವಿರಾದರೆ, ನನ್ನ ಕಷ್ಟ ಕೇಳಿ. ನಾನು ಕೆಲಸ ಕಲಿತದ್ದು ಕುಲುಮೆಯಲ್ಲಿ. ಸಿ60 ಪುಡಿಯನ್ನು ಪುಟ್ಟ ಮೂಸೆಯಲ್ಲಿ ಹಾಕಿ, ನಿರ್ವಾತದಲ್ಲಿ 450 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ಅದು ಕರಗದೆ ನೇರ ಆವಿಯಾಗುತ್ತದೆ. ಮೊದಲ ಸಲ ಆತುರಪಟ್ಟು ಶಾಖ ಸರ್ರನೆ ಏರಿಸಿದೆ. ಪುಡಿಯೊಳಗೆ ಟಾಲ್ವೀನ್ ಉಳಿದುಕೊಂಡಿತ್ತು, ತಯಾರಿಸುವಾಗ ಅದರಲ್ಲೇ ಕರಗಿಸಿರುತ್ತಾರಲ್ಲ. ಒತ್ತಡದ ಮುಳ್ಳು ನೂರು ಪಟ್ಟು ಮೇಲಕ್ಕೆ ಹಾರಿತು, ಪುಡಿ ಹುರಿದ ಸಾಸಿವೆಯ ಹಾಗೆ ಚಟಪಟ ಸಿಡಿದು ಮೂಸೆಯಿಂದ ಹೊರಗೆ. ಬಾಗಿಲು ತೆಗೆದು ನೋಡಿದರೆ ಕಪ್ಪು ಪುಡಿ ಎಲ್ಲೆಂದರಲ್ಲಿ, ತಣ್ಣನೆಯ ತಟ್ಟೆಯ ಮೇಲೆ ಮಾತ್ರ ತೆಳ್ಳನೆ ಹಳದಿಗಂದು ಪದರ. ಅವತ್ತಿನಿಂದ ಕಡಿಮೆ ಶಾಖದಲ್ಲಿ ಅರ್ಧ ದಿನ ಒಣಗಿಸದೆ ಮುಂದಕ್ಕೆ ಹೋಗುವುದಿಲ್ಲ.

ಪುಡಿ ಸಿಡಿಯದಿದ್ದರೂ ಆ ಆವಿಯ ಪ್ರತಿ ಅಣುವಿನೊಳಗೆ ಹಲವು ಇವಿಯಷ್ಟು ಕಂಪನ ಶಕ್ತಿ ತುಂಬಿರುತ್ತದೆ. ಅಷ್ಟು ಕುದಿಯುವ ಅಣುಗಳನ್ನಿಟ್ಟುಕೊಂಡು ಬಿಡುಗಡೆಯಾದದ್ದು 1.1 ಇವಿಯೋ 1.4 ಇವಿಯೋ ಅಂತ ತೂಗುವುದು ಗಾಳಿಯಲ್ಲಿ ಚಿನ್ನ ತೂಗಿದ ಹಾಗೆ.

ಕೊನೆಬೆಂಚು:

ಮೇಡಂ, ಸಾಸಿವೆ ಕಥೆ ಸೆಮಿನಾರಲ್ಲಿ ಹೇಳಬಹುದಾ? ಹೆಸರು ಹೇಳಲ್ಲ.

ಉಪಪ್ರಶ್ನೆ ಬಾಕಿ ಇದೆ, ನೆನಪಿಸುತ್ತಿದ್ದೇನೆ ಅಷ್ಟೆ.

ದಾಟುರೇಖೆ:

ಉಪಪ್ರಶ್ನೆ ನನಗೆ ಬಿಡಿ, ಮೇಡಂ ಪಂಪ್ ನೋಡಿಕೊಳ್ಳಲಿ.

ಸಿ60+ ಜೊತೆ ತಟಸ್ಥ ಸಿ60. ರೇಖೆ ಕತ್ತರಿಸುವ ಜಾಗ ಹುಡುಕಬೇಡ, ಅಲ್ಲಿ ಎಲ್ಲಾ ದೂರದಲ್ಲೂ ಶಕ್ತಿ ಸಮ. ಎಲೆಕ್ಟ್ರಾನಿಗೆ ಇವನ ಮನೆಯೂ ಒಂದೇ, ಅವನ ಮನೆಯೂ ಒಂದೇ. ಹತ್ತಿರ ಬಂದಂತೆ ಅದು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ತೂಗಾಡೋಕೆ ಶುರುಮಾಡುತ್ತೆ. ದೂರದಲ್ಲಿ ತೂಗಾಟ ಎಷ್ಟು ನಿಧಾನ ಅಂದರೆ ಅರ್ಧ ತೂಗುವ ಮುಂಚೆಯೇ ಅಣುಗಳು ದಾಟಿಹೋಗಿರುತ್ತವೆ. ಹತ್ತಿರದಲ್ಲಿ ಹತ್ತಾರು ಸಲ ತೂಗಿ, ಬೇರೆಯಾಗುವ ಹೊತ್ತಿಗೆ ಯಾರ ಕೈಯಲ್ಲಿ ಉಳೀತು ಅನ್ನೋದು ನಾಣ್ಯ ಚಿಮ್ಮಿದಷ್ಟೇ ಸತ್ಯ, ಅರ್ಧಕ್ಕರ್ಧ. ಈ ಎರಡರ ಗಡಿಯಲ್ಲಿ ಒಂದು ನಿರ್ಣಾಯಕ ದೂರ. ಆ ದೂರದ ವೃತ್ತದ ವಿಸ್ತೀರ್ಣದ ಅರ್ಧವೇ ಚಾರ್ಜ್ ದಾಟುವ ಅಡ್ಡಕೊಯ್ತ, ಅಂದರೆ ಚಾರ್ಜ್ ದಾಟೋಕೆ ಅಣು ಒಡ್ಡುವ ಗುರಿಯ ವಿಸ್ತೀರ್ಣ. 1962ರಲ್ಲಿ ರ‍್ಯಾಪ್ ಮತ್ತು ಫ್ರಾನ್ಸಿಸ್ ಪರಮಾಣುಗಳಿಗೆ ಬರೆದ ಸೂತ್ರದ ತಿರುಳೂ ಇದೇ. ಅಡ್ಡಕೊಯ್ತದ ವರ್ಗಮೂಲ ವೇಗದ ಲಾಗರಿದಮ್ ಏರಿದಂತೆ ನೇರವಾಗಿ ಇಳಿಯುತ್ತೆ.

ಇಲ್ಲಿ ಎಲೆಕ್ಟ್ರಾನಿನ ಹಿಡಿತ 7.6 ಇವಿ, ಬಾಲ ಆಂಗ್‌ಸ್ಟ್ರಾಮಿಗೆ 1.41ರ ದರದಲ್ಲಿ ಕರಗುತ್ತೆ. ವೇಗ ಎರಡು ಪಟ್ಟಾದರೆ ನಿರ್ಣಾಯಕ ದೂರ ಕುಗ್ಗೋದು ಅರ್ಧ ಆಂಗ್‌ಸ್ಟ್ರಾಮ್ ಮಾತ್ರ. ದೂರ 13 ಅಂದುಕೊಂಡರೆ ಅಡ್ಡಕೊಯ್ತ ನೂರಕ್ಕೆ ಏಳೆಂಟು ಇಳಿಯಿತು ಅಷ್ಟೆ. ವೇಗಕ್ಕೆ ಇಷ್ಟು ದಪ್ಪ ಚರ್ಮ.

ನಿನ್ನ ಪ್ಲಸ್ ಮೈನಸ್ ಜೋಡಿಯಲ್ಲಿ ಹಾಗಲ್ಲ. ಅಲ್ಲಿ ಸೆಳೆತವೇ ದೂರದಿಂದ ಅಯಾನುಗಳನ್ನು ಬಾಗಿಸಿ ತರುತ್ತೆ. 12 ಆಂಗ್‌ಸ್ಟ್ರಾಮಿನ ವೃತ್ತ ಅಂದರೆ 452 ಚದರ ಆಂಗ್‌ಸ್ಟ್ರಾಮ್, 0.1 ಇವಿಯಲ್ಲಿ ಸೆಳೆತ ಅದನ್ನು 13 ಪಟ್ಟು ಹಿಗ್ಗಿಸುತ್ತೆ, ಹೆಚ್ಚುಕಮ್ಮಿ 5,900. ಇದು ಮೇಲಿನ ಮಿತಿ, ಒಳಗೆ ಬಂದವರೆಲ್ಲ ದಾಟುತ್ತಾರೆ ಅಂತ ಲೆಕ್ಕ ಹಿಡಿದರೆ. ಡಿಕ್ಕಿಯ ಶಕ್ತಿ 1 ಇವಿ ಆದರೆ ಹಿಗ್ಗುವಿಕೆ 2.2 ಪಟ್ಟಿಗೆ ಇಳಿದುಬಿಡುತ್ತೆ. ಚಳಿಯಾದಷ್ಟೂ ಇವಕ್ಕೆ ಹಸಿವು ಜಾಸ್ತಿ.

ಮೌನಿ:

ಇದೆಲ್ಲ ಯಾರಿಗೆ ಬೇಕಾದದ್ದು ಅಂತ ಸೆಮಿನಾರಿನಲ್ಲಿ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಆಕಾಶದ ಕಡೆ ಕೈ ತೋರಿಸಿ. 2010ರಲ್ಲಿ ಸ್ಪಿಟ್ಜರ್ ದೂರದರ್ಶಕದ ಮಾಹಿತಿಯಲ್ಲಿ ಟಿಸಿ 1 ಅನ್ನುವ ಗ್ರಹರೂಪಿ ನೀಹಾರಿಕೆಯಲ್ಲಿ ಸಿ60 ಸಿಕ್ಕಿತು. ನಕ್ಷತ್ರಗಳ ನಡುವಿನ ತೆಳು ಅನಿಲದಲ್ಲಿ 9577 ಮತ್ತು 9632 ಆಂಗ್‌ಸ್ಟ್ರಾಮಿನ ಎರಡು ಹೀರಿಕೆ ಪಟ್ಟಿಗಳು ಸಿ60+ನವು ಇರಬಹುದು ಅಂತ 1994ರಲ್ಲೇ ಹೇಳಿದ್ದರು. 2015ರಲ್ಲಿ ಪ್ರಯೋಗಾಲಯದಲ್ಲಿ ತಣ್ಣಗಿನ ಸಿ60+ ಅಳೆದು ಗಟ್ಟಿ ಮಾಡಿದರು. ಅಲ್ಲಿ ಎಷ್ಟು ಸಿ60 ಚಾರ್ಜ್ ಹೊತ್ತಿದೆ, ಎಷ್ಟು ತಟಸ್ಥ ಅಂತ ಲೆಕ್ಕ ಹಾಕಬೇಕಾದರೆ ಈ ದರಗಳೇ ಬೇಕು.

ಕೊನೆಬೆಂಚು:

ಮೌನಿ ಅವರೇ, ಆ ಪ್ರಶ್ನೆ ಕೇಳುವವನು ಮೊದಲ ಬೆಂಚಲ್ಲೇ ಕೂರ್ತಾನೆ, ಹೆಸರೂ ಗೊತ್ತು. ಧನ್ಯವಾದ.

ಕೊನೆಯ ಸ್ಲೈಡಿಗೆ ಹೀಗೆ ಬರೆದಿದ್ದೇನೆ: "ಉದ್ರೇಕ 3.5 ಇವಿ, ದಾಟುವ ದೂರ 10.3 ಆಂಗ್‌ಸ್ಟ್ರಾಮ್. ಉದ್ರೇಕ 3.8 ಇವಿ, ದಾಟುವ ದೂರ 13.1 ಆಂಗ್‌ಸ್ಟ್ರಾಮ್." ನಾಳೆ ಬೆಳಿಗ್ಗೆ ಹತ್ತಕ್ಕೆ ಸೆಮಿನಾರು. ಕಣ್ಣಾಡಿಸಿ ಪ್ಲೀಸ್.

ಕುಲುಮೆ:

ಧ್ರುವೀಕರಣ ಬಿಟ್ಟಿದ್ದೀರಿ! ಮೇಲೇ ಹೇಳಿದೆನಲ್ಲ. ನಿಮ್ಮ ಅಯಾನುಗಳು ಇನ್ನೂ ಬಿಂದುಗಳೇ ಆಗಿವೆ. ಸಿ60ರ ಧ್ರುವೀಯತೆ ಸುಮಾರು 80 ಘನ ಆಂಗ್‌ಸ್ಟ್ರಾಮ್. ಪ್ಲಸ್ಸು ಮೈನಸ್ಸಿನ ಮೋಡವನ್ನು ಎಳೆಯುತ್ತದೆ, ಮೈನಸ್ಸು ಪ್ಲಸ್ಸಿನ ಮೋಡವನ್ನು ತಳ್ಳುತ್ತದೆ, ಎರಡರಿಂದಲೂ ಸೆಳೆತ ಹೆಚ್ಚುತ್ತದೆ. 14.4 ಭಾಗ ದೂರ ಅನ್ನುವುದನ್ನು, ಒಂದು ಕೂಡಿಸು 80 ಭಾಗ ದೂರದ ಘನ, ಇದರಿಂದ ಗುಣಿಸಿ. ಅದು 1.4ಕ್ಕೆ (4.9ರಲ್ಲಿ 3.5 ಕಳೆದದ್ದು) ಸಮವಾಗುವುದು 10.3ರಲ್ಲಲ್ಲ, 10.9ರಲ್ಲಿ. 1.1ಕ್ಕೆ ಸಮವಾಗುವುದು 13.5ರಲ್ಲಿ. ಅರ್ಧ ಆಂಗ್‌ಸ್ಟ್ರಾಮ್ ತಾನೇ ಅಂತ ಬಿಡಬೇಡಿ, ದಾಟುರೇಖೆ ಅವರ 0.84 ಹಾಕಿದರೆ ಬೆಸುಗೆ ಅಷ್ಟರಲ್ಲೇ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಮೈ ತಾಗುವಷ್ಟು ಹತ್ತಿರದಲ್ಲಿ ಈ ಸೂತ್ರವೂ ಸಾಲದು, ಆಗ ಎರಡನ್ನೂ ಲೋಹದ ಗೋಲಗಳೆಂದು ಹಿಡಿದು ಬಿಂಬ ಚಾರ್ಜುಗಳ ಲೆಕ್ಕ ಮಾಡಬೇಕು, ನಾಳೆ ಬೆಳಿಗ್ಗೆಯೊಳಗೆ ಅದು ಬೇಡ.

ಸಾಸಿವೆ ಕಥೆ ಹೇಳಿಕೊಳ್ಳಿ. ಮೂಸೆ ತೊಳೆಯಲು ಎರಡು ದಿನ ಹಿಡಿಯಿತು ಅನ್ನುವುದನ್ನೂ ಸೇರಿಸಿ.

ಕೊನೆಬೆಂಚು:

10.9 ಮತ್ತು 13.5 ಹಾಕಿದೆ ಮೇಡಂ. ಕೆಂಪು ಚುಕ್ಕೆ ಮಾತ್ರ 2.9ರಲ್ಲೇ ಇದೆ.